ಮರದ ಬುಡಕ್ಕೆ ಯಾವ ರೈಲು? ಒ, ಎಚ್‌ಒ, ಜಿ ಓಡಿಸಿ ನೋಡಿದ ಹೋಲಿಕೆ

ಕ್ರಿಸ್‌ಮಸ್ ಮರದ ಬುಡ, ಅದರ ಸುತ್ತ ಓಡಿಸುವ ಮಾದರಿ ರೈಲಿಗೆ ಒಗ್ಗುವ ಜಾಗವಲ್ಲ. ಮೇಲಿಂದ ಸೂಜಿಎಲೆ ಉದುರುತ್ತಲೇ ಇರುತ್ತದೆ. ಜರಿಯ ಎಳೆ ಜಾರಿ ಬೀಳುತ್ತದೆ. ಮರ ನಿಲ್ಲಿಸಿದ ಸ್ಟ್ಯಾಂಡಿಗೆ ನೀರು ಹಾಕುವಾಗ ಒಂದಿಷ್ಟು ಹೊರಗೆ ಚೆಲ್ಲುತ್ತದೆ. ನೆಲದಲ್ಲಿ ಕಾರ್ಪೆಟ್ ಇದ್ದರೆ ಅದರ ನೂಲು ಗಾಲಿಯ ಅಚ್ಚಿಗೆ ಸುತ್ತಿಕೊಳ್ಳುತ್ತದೆ. ಮೇಜಿನ ಮೇಲೆ ಸಲೀಸಾಗಿ ಓಡುವ ರೈಲು ಇಲ್ಲಿ ಮೂರನೇ ಸುತ್ತಿಗೇ ಮಗುಚಿಕೊಳ್ಳಬಹುದು. ಹಾಗಾಗಿ ಯಾವ ರೈಲು ಅಸಲಿಯನ್ನು ಹೆಚ್ಚು ಹೋಲುತ್ತದೆ ಎಂಬ ಪ್ರಶ್ನೆಯನ್ನು ಹಿಂದಕ್ಕಿಟ್ಟು, ಸಂಜೆಪೂರ್ತಿ ನಿಲ್ಲದೆ ಓಡುವುದು ಯಾವುದು ಎಂಬುದನ್ನೇ ಇಲ್ಲಿ ನೋಡಿದ್ದೇವೆ. ಬರಿನೆಲ, ಕಾರ್ಪೆಟ್, ಪ್ಲೈವುಡ್ ಹಲಗೆ, ಮೂರರ ಮೇಲೂ ಓಡಿಸಿದ್ದಾಯಿತು.

ಮೊದಲು ಅಳತೆಯ ವಿಚಾರ. ಒ, ಎಚ್‌ಒ, ಜಿ ಎಂಬುವು ಮಾದರಿ ರೈಲಿನ ಅಳತೆಗಳ ಹೆಸರು. 1:87 ಎಂದರೆ ಅಸಲಿ ರೈಲಿನ 87ನೇ ಒಂದು ಪಾಲು. ಎಚ್‌ಒ ಎಂದರೆ 1:87, ಹಳಿಗಳ ನಡುವಿನ ಅಂತರ 16.5 ಮಿ.ಮೀ. ಒ ಗೇಜ್ ಎಂದರೆ 1:48, ಅಂತರ ಸುಮಾರು 32 ಮಿ.ಮೀ. ಜಿ ಎಂದು ಕರೆಯುವುದು 45 ಮಿ.ಮೀ. ಹಳಿಯ ಮೇಲೆ ಓಡುವ ದೊಡ್ಡ ರೈಲನ್ನು. ಜರ್ಮನಿಯ ನ್ಯೂರೆಂಬರ್ಗ್‌ನ ಲೆಹ್‌ಮನ್ ಕಂಪನಿ 1968ರಲ್ಲಿ ಎಲ್‌ಜಿಬಿ ಹೆಸರಿನಲ್ಲಿ ಇದನ್ನು ಹೊರತಂದಿತು, ಅದರ ಸ್ಕೇಲ್ 1:22.5.

ಎಚ್‌ಒ ಚಿಕ್ಕದು, ಆದ್ದರಿಂದ ಜಾಗ ಕಡಿಮೆ ಸಾಕು ಎಂದು ಬಹಳ ಜನ ಅಂದುಕೊಳ್ಳುತ್ತಾರೆ. ಹಾಗೇನಿಲ್ಲ. ಎಚ್‌ಒ ಸೆಟ್‌ಗಳಲ್ಲಿ ಸಾಮಾನ್ಯವಾಗಿ ಬರುವುದು 18 ಇಂಚು ತ್ರಿಜ್ಯದ ತಿರುವು, 30 ಡಿಗ್ರಿಯ 12 ತುಂಡು ಸೇರಿದರೆ ಒಂದು ವೃತ್ತ. ಅದರ ವ್ಯಾಸ 36 ಇಂಚು, ಅಂದರೆ 91 ಸೆಂ.ಮೀ. ಒ ಗೇಜ್‌ನ ಒ36 ತಿರುವಿನ ಹೆಸರಲ್ಲೇ ವ್ಯಾಸವಿದೆ. ಅದೂ 36 ಇಂಚೇ, 45 ಡಿಗ್ರಿಯ 8 ತುಂಡು. ಎರಡೂ ಮರದ ಸುತ್ತ ಒಂದೇ ದಾರಿಯಲ್ಲಿ ಸುತ್ತುತ್ತವೆ, ಒಂದು ಸುತ್ತಿನ ಉದ್ದ 287 ಸೆಂ.ಮೀ. ಆ ದಾರಿಯನ್ನು ರೈಲು ಎಷ್ಟು ತುಂಬುತ್ತದೆ ಎಂಬುದರಲ್ಲಿ ಮಾತ್ರ ವ್ಯತ್ಯಾಸ. 40 ಅಡಿಯ ಅಸಲಿ ವ್ಯಾಗನ್ ಎಚ್‌ಒದಲ್ಲಿ 14 ಸೆಂ.ಮೀ. ಆದರೆ ಒದಲ್ಲಿ 25 ಸೆಂ.ಮೀ. ದಾಟುತ್ತದೆ. ಎಂಜಿನ್, ಟೆಂಡರ್ (ಎಂಜಿನ್ನಿನ ಹಿಂದಿನ ಕಲ್ಲಿದ್ದಲು, ನೀರಿನ ಬಂಡಿ), ಮೂರು ಡಬ್ಬಿಯ ಒ ರೈಲು ಹೆಚ್ಚುಕಡಿಮೆ ಅರ್ಧ ಸುತ್ತನ್ನು ಆವರಿಸುತ್ತದೆ, ಮರವನ್ನು ತಬ್ಬಿಕೊಂಡಂತೆ ಕಾಣುತ್ತದೆ. ಅದೇ ಎಚ್‌ಒ ರೈಲು ದಟ್ಟ ಕೊಂಬೆಗಳ ಮರೆಯಲ್ಲಿ ಹೋದರೆ ಎಲ್ಲಿದೆ ಎಂದು ಹುಡುಕಬೇಕು. ಆರು ಅಡಿ ದಾಟಿದ ಮರದ ಕೆಳಗೊಂಬೆಗಳು 91 ಸೆಂ.ಮೀ. ವೃತ್ತವನ್ನು ಪೂರ್ತಿ ಮುಚ್ಚಿಬಿಡುತ್ತವೆ. ಯಾವುದನ್ನೇ ಕೊಂಡರೂ ನಾಲ್ಕಾರು ನೇರ ತುಂಡುಗಳನ್ನು ಸೇರಿಸಿ ಉದ್ದನೆಯ ಸುತ್ತು ಮಾಡಿ, ರೈಲು ಒಂದು ಬದಿಯಲ್ಲಾದರೂ ಬಯಲಿಗೆ ಬರಬೇಕು. ಎಂಟು ಒ36 ತಿರುವು, 10 ಇಂಚಿನ ನಾಲ್ಕು ನೇರ ತುಂಡು ಇದ್ದರೆ ಸುಮಾರು 1 ಮೀಟರ್ ಅಗಲ, 1.5 ಮೀಟರ್ ಉದ್ದದ ಜಾಗ ಸಾಕು.

ಈಗ ಮುಖ್ಯ ವಿಷಯಕ್ಕೆ, ಸೂಜಿಎಲೆಗೆ ಬರೋಣ. ಗಾಲಿ ಹಳಿಯಿಂದ ಆಚೆ ಹೋಗದಂತೆ ಹಿಡಿಯುವುದು ಅದರ ಒಳಅಂಚಿನ ಫ್ಲ್ಯಾಂಜ್. ಎಚ್‌ಒ ಗಾಲಿಯ ಫ್ಲ್ಯಾಂಜ್ ಇಳಿಯುವುದು ಬರೀ 0.6 ಮಿ.ಮೀ. ಆಸುಪಾಸು. ಒಣಗಿದ ಒಂದು ಸೂಜಿಎಲೆ ಅದಕ್ಕಿಂತ ದಪ್ಪವಾಗಿರಬಹುದು. ಅದು ಹಳಿಯ ಮೇಲೆ ಅಡ್ಡ ಬಿದ್ದಿದ್ದರೆ ಮುಂದಿನ ಗಾಲಿ ಅದನ್ನು ಹತ್ತುತ್ತದೆ, ಆ ಕ್ಷಣಕ್ಕೆ ಫ್ಲ್ಯಾಂಜ್ ಹಳಿಯ ತಲೆಗಿಂತ ಮೇಲೆ ಬರುತ್ತದೆ, ತಿರುವಿನಲ್ಲಿ ಹಿಂದಿನ ಡಬ್ಬಿಗಳು ಒಳಕ್ಕೆ ಎಳೆಯುತ್ತಿರುತ್ತವೆ. ಅಷ್ಟು ಸಾಕು, ಗಾಲಿ ಹೊರಗೆ. ಬಗ್ಗಿ ನೆಲಕ್ಕೆ ಕಣ್ಣು ತಾಗಿಸಿ ನೋಡಿದರೆ ಇದು ಸ್ಪಷ್ಟವಾಗಿ ಕಾಣುತ್ತದೆ: ಗಾಲಿ ಜಿಗಿಯುವುದಿಲ್ಲ, ಮೆಲ್ಲಗೆ ಏರಿ ಪಕ್ಕಕ್ಕೆ ಕೂರುತ್ತದೆ. ಜಿ ಗಾಲಿಯ ಫ್ಲ್ಯಾಂಜ್ ಸುಮಾರು 3 ಮಿ.ಮೀ., ಎಲೆಯನ್ನು ತುಳಿದು ತುಂಡು ಮಾಡಿ ಹೋಗುತ್ತದೆ. ಒ ಇವೆರಡರ ನಡುವೆ ಇದ್ದರೂ ಭಾರ ಅದರ ನೆರವಿಗೆ ಬರುತ್ತದೆ. ಅಮೆರಿಕದ ನ್ಯಾಷನಲ್ ಮಾಡೆಲ್ ರೈಲ್‌ರೋಡ್ ಅಸೋಸಿಯೇಷನ್ ಶಿಫಾರಸು ಮಾಡುವ ಲೆಕ್ಕದಲ್ಲಿ ಎಚ್‌ಒದ ಆ 14 ಸೆಂ.ಮೀ. ವ್ಯಾಗನ್ ಸುಮಾರು 106 ಗ್ರಾಂ ತೂಗಬೇಕು, ಒದ 25 ಸೆಂ.ಮೀ. ವ್ಯಾಗನ್ ಸುಮಾರು 425 ಗ್ರಾಂ. ಸೆಟ್ಟಿನ ಡಬ್ಬಿಗಳು ಇದಕ್ಕಿಂತ ಹಗುರವಿದ್ದರೆ ಒಳಗೆ ಕಬ್ಬಿಣದ ವಾಷರ್ ಅಂಟಿಸಿ, ಆದಷ್ಟು ಕೆಳಗೆ, ಎರಡು ತುದಿಗೂ ಸಮನಾಗಿ. ಎಚ್‌ಒಗಂತೂ ಇದು ಕಣ್ಣಿಗೆ ಕಾಣುವಷ್ಟು ಫಲ ಕೊಡುತ್ತದೆ.

ವಿದ್ಯುತ್ತಿನ ತೊಂದರೆ ಇನ್ನೊಂದು ಬಗೆಯದು. ಎಚ್‌ಒದಲ್ಲಿ ಎರಡು ಹಳಿ, ಒಂದು ಪ್ಲಸ್, ಒಂದು ಮೈನಸ್. ಲೋಹದ ಜರಿಯ ಎಳೆಯೊಂದು ಎರಡಕ್ಕೂ ತಾಗಿದರೆ ಶಾರ್ಟ್. ಒ ಗೇಜ್‌ನ ಮೂರು ಹಳಿ ಪದ್ಧತಿಯಲ್ಲಿ ಕರೆಂಟು ನಡುವಿನ ಹಳಿಯಲ್ಲಿ ಬರುತ್ತದೆ, ಹೊರಗಿನ ಎರಡೂ ಹಳಿ ಒಂದೇ ತಂತಿಯಿದ್ದಂತೆ. ಇದರಿಂದ ರೈಲು ಬಂದ ದಾರಿಯಲ್ಲೇ ಎದುರು ದಿಕ್ಕಿಗೆ ಮರಳುವಂತೆ ಹಳಿಯನ್ನು ಕುಣಿಕೆಯಾಗಿ ಸುತ್ತಿಸಿ ಸೇರಿಸಿದರೂ ಶಾರ್ಟ್ ಆಗುವುದಿಲ್ಲ, ಎಚ್‌ಒದಲ್ಲಾದರೆ ಅಲ್ಲಿ ಹಳಿಯನ್ನು ಕತ್ತರಿಸಿ ಪ್ರತ್ಯೇಕ ಸ್ವಿಚ್ ಹಾಕಬೇಕು. ಆದರೆ ಜರಿಯಿಂದ ಒ ಕೂಡ ಪಾರಾಗುವುದಿಲ್ಲ. ನಡುವಿನ ಹಳಿಗೂ ಪಕ್ಕದ್ದಕ್ಕೂ ಅಂತರ ಹತ್ತಿರಹತ್ತಿರ ಒಂದೂವರೆ ಸೆಂ.ಮೀ., ಅಲಂಕಾರದ ಗೋಲಿ ನೇತುಹಾಕುವ ತಂತಿಯ ಕೊಕ್ಕೆ ಬಿದ್ದರೆ ಎರಡಕ್ಕೂ ನೆಟ್ಟಗೆ ಮುಟ್ಟುತ್ತದೆ. ರೈಲು ಸುತ್ತುವ ಮರಕ್ಕೆ ಲೋಹದ ಜರಿ ಬೇಡವೇ ಬೇಡ. ಕೆಳಗಿನ ಎರಡು ಸಾಲು ಕೊಂಬೆಗಳಿಗೆ ಕೊಕ್ಕೆಯ ಬದಲು ದಾರ ಕಟ್ಟಿ.

ಹಳಿಗೆ ವಿದ್ಯುತ್ ಕೊಡುವ ಅಡಾಪ್ಟರ್ ಇದ್ದಕ್ಕಿದ್ದಂತೆ ಕರೆಂಟು ಕಡಿದುಕೊಂಡರೆ ಮೊದಲು ರೈಲನ್ನು ಪೂರ್ತಿ ಹಳಿಯಿಂದ ಎತ್ತಿಡಿ. ಆಗಲೂ ಕಡಿದುಕೊಳ್ಳುತ್ತಿದ್ದರೆ ಹಳಿಯ ಮೇಲೆ ಏನೋ ಬಿದ್ದಿದೆ. ಸರಿಹೋದರೆ ಯಾವುದೋ ಗಾಲಿ ಹಳಿ ತಪ್ಪಿ ತಾಗಬಾರದ ಕಡೆ ತಾಗುತ್ತಿತ್ತು. ಡಬ್ಬಿಗಳನ್ನು ಒಂದೊಂದಾಗಿ ಇಟ್ಟು ನೋಡಿದರೆ ಎರಡು ನಿಮಿಷದಲ್ಲಿ ಸಿಕ್ಕಿಬೀಳುತ್ತದೆ.

ಒ ಗೇಜ್‌ನಲ್ಲೇ ಎರಡು ಕವಲಿದೆ, ಮರದ ಬುಡಕ್ಕೆ ಇಲ್ಲಿನ ಆಯ್ಕೆಯೇ ನಿರ್ಣಾಯಕ. ಹಳೆಯ ಕ್ರಮದಲ್ಲಿ ಟ್ರಾನ್ಸ್‌ಫಾರ್ಮರಿನ ಹಿಡಿ ತಿರುಗಿಸಿ ಹಳಿಯ ಎಸಿ ವೋಲ್ಟೇಜನ್ನು 18ರವರೆಗೆ ಏರಿಸುತ್ತೇವೆ, ಇಳಿಸುತ್ತೇವೆ. ಇದರಲ್ಲಿ ಎಂಜಿನ್ ದಿಕ್ಕು ಬದಲಿಸುವುದು ಕರೆಂಟು ಒಮ್ಮೆ ಹೋಗಿ ಬಂದಾಗ: ಮುಂದೆ, ನಿಲುಗಡೆ, ಹಿಂದೆ, ಮತ್ತೆ ನಿಲುಗಡೆ. ಎಲೆಯ ಅಂಟು ಮೆತ್ತಿದ ಕಡೆ ಕರೆಂಟು ಕಣ್ಣುಮಿಟುಕಿಸುವಷ್ಟು ಹೊತ್ತು ಹೋದರೂ ಎಂಜಿನ್ ಅದನ್ನು ನಮ್ಮ ಅಪ್ಪಣೆ ಎಂದು ತಿಳಿದು ನಿಲುಗಡೆಗೆ ಹೋಗಿಬಿಡುತ್ತದೆ. ದೀಪ ಉರಿಯುತ್ತಿದೆ, ಗುಂಯ್‌ಗುಡುತ್ತಿದೆ, ಕದಲುವುದಿಲ್ಲ. ಕೆಟ್ಟುಹೋಯಿತೆಂದು ಪೆಟ್ಟಿಗೆಗೆ ಸೇರಿಸಬೇಡಿ. ದಿಕ್ಕು ಬದಲಿಸುವ ಘಟಕಕ್ಕೆ ಬೀಗ ಹಾಕುವ ಪುಟ್ಟ ಸನ್ನೆಕೋಲೋ ಸ್ವಿಚ್ಚೋ ಎಂಜಿನ್ನಿನಲ್ಲಿ ಇದ್ದರೆ ಮುಂದಿನ ದಿಕ್ಕಿನಲ್ಲಿ ಅದನ್ನು ಬಿಗಿಮಾಡಿ, ಆ ಕಾಟ ತಪ್ಪುತ್ತದೆ.

ಹೊಸ ಕ್ರಮದಲ್ಲಿ, ಉದಾಹರಣೆಗೆ ಅಮೆರಿಕದ ಲಯೋನೆಲ್ ಕಂಪನಿಯ ಲಯನ್‌ಚೀಫ್ ಸೆಟ್‌ಗಳಲ್ಲಿ, ಹಳಿಗೆ ಸದಾ 18 ವೋಲ್ಟ್ ಇರುತ್ತದೆ, ವೇಗ ಮತ್ತು ದಿಕ್ಕನ್ನು ಕೈಯಲ್ಲಿನ ರಿಮೋಟ್ ಹೇಳುತ್ತದೆ. ಕರೆಂಟು ಮಿಟುಕಿಸಿದರೂ ದಿಕ್ಕು ಬದಲಾಗುವುದಿಲ್ಲ. ನಿಧಾನಕ್ಕೆ ಓಡುವಾಗಲೂ ದೀಪ ಮಂಕಾಗುವುದಿಲ್ಲ. ಮರದ ಬುಡಕ್ಕೆ ಬಗ್ಗದೆ ಸೋಫಾದಿಂದಲೇ ಓಡಿಸಬಹುದು ಎಂಬುದು ಚಿಕ್ಕ ಮಾತಲ್ಲ. ನಮ್ಮ ಒಲವು ಇದರ ಕಡೆಗೇ. ಹೆಚ್ಚಿನ ಮನೆಗಳ ಹೆಚ್ಚಿನ ಮರಗಳಿಗೆ ಇದು ಹೊಂದುತ್ತದೆ. ಕೊರತೆ ಎಂದರೆ ಸದ್ದು. ಕೆಳಗೆ ಟೊಳ್ಳಿರುವ ಪ್ಲಾಸ್ಟಿಕ್ ಹಾಸಿನ ಹಳಿ ಬರಿನೆಲದ ಮೇಲೆ ತಮಟೆಯಂತೆ ಬಡಿದುಕೊಳ್ಳುತ್ತದೆ. ಅಡಿಗೆ 3 ಮಿ.ಮೀ. ದಪ್ಪದ ಫೆಲ್ಟ್ ಅಥವಾ ರಬ್ಬರ್ ಚಾಪೆ ಹಾಸಿದರೆ ಟಿವಿ ಕೇಳುವಷ್ಟು ಮೆತ್ತಗಾಗುತ್ತದೆ.

ಜಿ ರೈಲಿನ ಬಲ ಅದರ ಹುಟ್ಟಿನಲ್ಲಿದೆ, ಅದನ್ನು ಮಾಡಿದ್ದೇ ತೋಟದಲ್ಲಿ ಓಡಿಸಲು. ಹಿತ್ತಾಳೆಯ ಹಳಿಗೆ ಚೆಲ್ಲಿದ ನೀರಿನಿಂದ ತುಕ್ಕು ಹಿಡಿಯುವುದಿಲ್ಲ. ಒ ಗೇಜ್‌ನ ಹಳೆಯ ಕೊಳವೆ ಮಾದರಿಯ ತಗಡಿನ ಹಳಿ ಹಿಮದಂತೆ ಹಾಸಿದ ಒದ್ದೆ ಹತ್ತಿಯ ಕೆಳಗೆ ಒಂದೆರಡು ವಾರ ಇದ್ದರೆ ಸಾಕು, ಸೇರುವ ಪಿನ್ನುಗಳಿಗೆ ತುಕ್ಕು ಬರುತ್ತದೆ. ಎಚ್‌ಒದಲ್ಲೂ ಸ್ಟೀಲ್ ಹಳಿ ಬಿಟ್ಟು ನಿಕಲ್ ಸಿಲ್ವರ್ ಹಳಿಯನ್ನೇ ತೆಗೆದುಕೊಳ್ಳಬೇಕು. ಆದರೆ ಜಿ ಜಾಗ ತಿನ್ನುತ್ತದೆ. ಅತಿ ಬಿಗಿಯಾದ ಆರ್1 ತಿರುವಿನ ತ್ರಿಜ್ಯ 60 ಸೆಂ.ಮೀ., 12 ತುಂಡಿಗೆ ವ್ಯಾಸ 120 ಸೆಂ.ಮೀ. ಡಬ್ಬಿಗಳು ಹೊರಚಾಚುವುದನ್ನೂ ಸೇರಿಸಿ 140 ಸೆಂ.ಮೀ. ಬಿಡಿ. ಎತ್ತರ ಇನ್ನೂ ಮುಖ್ಯ. ಹಳಿಯ ಮೇಲಿಂದ ಕೊಂಬೆಯವರೆಗೆ 25 ಸೆಂ.ಮೀ. ತೆರವು ಇಲ್ಲದಿದ್ದರೆ ಎಂಜಿನ್ನಿನ ಚಿಮಣಿ ಅಲಂಕಾರಗಳನ್ನು ಒಂದೊಂದಾಗಿ ಕಿತ್ತು ಬೀಳಿಸುತ್ತದೆ. ಒಗೆ 15, ಎಚ್‌ಒಗೆ 10 ಸೆಂ.ಮೀ. ಸಾಕು. ಜಿಯಲ್ಲಿ ನಾಲ್ಕು ಗಾಲಿಯ ಗಿಡ್ಡ ಎಂಜಿನ್, ಎರಡು ಗಿಡ್ಡ ಬೋಗಿ, ಅಷ್ಟಕ್ಕೇ ನಿಲ್ಲಿಸಿದರೆ ಆರ್1 ವೃತ್ತದಲ್ಲಿ ಚೆಂದವಾಗಿ ಹೋಗುತ್ತದೆ. ಉದ್ದ ಬೋಗಿ ಹಾಕಿದರೆ ಕೊಂಡಿಗಳು ಓರೆಯಾಗಿ ಕಳಚಿಕೊಳ್ಳುತ್ತವೆ. ಎಂಟಡಿಯ ಮರ, ವಿಶಾಲವಾದ ಹಾಲ್ ಇದ್ದವರು ಎರಡನೇ ಯೋಚನೆ ಮಾಡದೆ ಜಿ ಹಾಕಲಿ.

ಮರದ ಕೆಳಗೆ ಪಿಂಗಾಣಿಯ ಪುಟ್ಟ ಮನೆಗಳ ಊರು ಕಟ್ಟುವವರಿಗೆ ಮಾತ್ರ ನಾಲ್ಕನೆಯ ದಾರಿಯೊಂದಿದೆ, ಒಎನ್30. ಹಳಿ ಎಚ್‌ಒದ್ದೇ 16.5 ಮಿ.ಮೀ., ಮೇಲಿನ ರೈಲು 1:48. ಅಂಥ ಮನೆಗಳ ಪಕ್ಕದಲ್ಲಿ ಎಚ್‌ಒ ರೈಲು ಆಟಿಕೆಯ ಆಟಿಕೆಯಂತೆ ಕುಗ್ಗಿ ಕಂಡರೆ ಇದು ಅಳತೆಗೆ ಸರಿಯಾಗಿ ಕೂರುತ್ತದೆ. ಫ್ಲ್ಯಾಂಜ್ ಚಿಕ್ಕದೇ ಆದ್ದರಿಂದ ಸೂಜಿಎಲೆಯ ಕಾಟ ಇದ್ದೇ ಇದೆ, ಮರದಿಂದ ಸ್ವಲ್ಪ ದೂರದ ಹಲಗೆಯ ಮೇಲೆ ಹಾಕುವುದು ಲೇಸು. 9 ಮಿ.ಮೀ. ಹಳಿಯ ಎನ್ ಸ್ಕೇಲ್ ಮರದ ಬುಡಕ್ಕೆ ತರಬೇಡಿ. ಬ್ಯಾಟರಿಯ ಪ್ಲಾಸ್ಟಿಕ್ ರೈಲಿಗೆ ಶಾರ್ಟ್ ಇಲ್ಲ, ಹಳಿ ಒರೆಸುವ ಕೆಲಸವಿಲ್ಲ, ಮಕ್ಕಳೇ ಜೋಡಿಸಬಹುದು. ಚಾರ್ಜ್ ಮಾಡುವ ಸೆಲ್ 1.2 ವೋಲ್ಟ್, ಸಾದಾ ಸೆಲ್ 1.5, ಹಾಗಾಗಿ ಮೊದಲಿನದರಲ್ಲಿ ಸ್ವಲ್ಪ ನಿಧಾನ ಓಡುತ್ತದೆ, ಕೆಟ್ಟಿದೆ ಎಂದಲ್ಲ. ಪುಟ್ಟ ಮಕ್ಕಳಿರುವ ಮನೆಗೆ ಇದೇ ಸಾಕು.

ಯಾವುದನ್ನೇ ಆರಿಸಿದರೂ ಹಾಕುವ ಕ್ರಮ ಒಂದೇ. ಕಾರ್ಪೆಟ್ ಮೇಲೆ ನೇರವಾಗಿ ಹಳಿ ಇಡಬೇಡಿ, 9 ಅಥವಾ 12 ಮಿ.ಮೀ. ಪ್ಲೈವುಡ್ ಹಾಸಿ. ಮರ ನಿಲ್ಲಿಸುವ ಮೊದಲೇ ಹಳಿ ಜೋಡಿಸಿ ಹತ್ತು ನಿಮಿಷ ಓಡಿಸಿ. ಒಂದೇ ಜಾಗದಲ್ಲಿ ಮತ್ತೆ ಮತ್ತೆ ತಪ್ಪಿದರೆ ತಪ್ಪು ಹಳಿಯ ಜೋಡಣೆಯದ್ದು, ಒಂದೇ ಡಬ್ಬಿ ಎಲ್ಲೆಂದರಲ್ಲಿ ತಪ್ಪಿದರೆ ಗಾಲಿಯದ್ದು. ಜೋಡಣೆಯ ಮೇಲೆ ಉಗುರು ಎಳೆದು ನೋಡಿ, ಉಗುರು ತಡೆದರೆ ಗಾಲಿಯೂ ತಡೆಯುತ್ತದೆ. ಆಮೇಲೆ ರೈಲಿನಲ್ಲೇ ಅಗಲ, ಎತ್ತರವಾದ ಡಬ್ಬಿಯ ಅಳತೆಗೆ ರಟ್ಟು ಕತ್ತರಿಸಿ, ಎರಡೂ ಪಕ್ಕ 2 ಸೆಂ.ಮೀ. ಜಾಸ್ತಿ ಬಿಟ್ಟು, ಹಳಿಯುದ್ದಕ್ಕೂ ತಳ್ಳಿಕೊಂಡು ಹೋಗಿ. ತಿರುವಿನಲ್ಲಿ ಉದ್ದ ಡಬ್ಬಿಯ ಹೊಟ್ಟೆ ಒಳಕ್ಕೂ ತುದಿಗಳು ಹೊರಕ್ಕೂ ಚಾಚುತ್ತವೆ, ಆ 2 ಸೆಂ.ಮೀ. ಅದಕ್ಕಾಗಿ. ರಟ್ಟಿಗೆ ತಾಗಿದ ಕೊಂಬೆ, ಉಡುಗೊರೆ, ಸ್ಟ್ಯಾಂಡಿನ ಕಾಲು ಎಲ್ಲ ಸರಿಯಬೇಕು. ಹಿಮದಂತೆ ಹಾಸುವ ಹತ್ತಿ ಹಳಿಯಿಂದ 4 ಸೆಂ.ಮೀ. ಆಚೆಗೇ ನಿಲ್ಲಲಿ, ಅದರ ಎಳೆ ಗೇರಿಗೆ ಸಿಕ್ಕಿದರೆ ಎಂಜಿನ್ ಬಿಚ್ಚದೆ ಬರುವುದಿಲ್ಲ.

ಸುತ್ತು 5 ಮೀಟರ್ ದಾಟಿದರೆ ದೂರದ ತುದಿಯಲ್ಲಿ ರೈಲು ಸೊರಗುತ್ತದೆ, ಅಲ್ಲಿಗೆ ಇನ್ನೊಂದು ಜೋಡಿ ತಂತಿ ಎಳೆಯಿರಿ, ಯಾವ ತಂತಿ ಯಾವ ಹಳಿಗೆ ಎಂಬುದು ಮೊದಲಿನಂತೆಯೇ ಇರಲಿ. ಅಡಾಪ್ಟರನ್ನು ನೆಲದಿಂದ ಎತ್ತರದಲ್ಲಿ, ನೀರು ತಲುಪದ ಕಡೆ ಇಡಿ. ಮರದ ದೀಪಗಳ ಟೈಮರಿಗೆ ರೈಲನ್ನು ಜೋಡಿಸಬೇಡಿ. ಹಿಡಿ ತೆರೆದೇ ಇದ್ದರೆ ಸಂಜೆ ಟೈಮರ್ ಹೊತ್ತಿಕೊಂಡಾಗ ರೈಲು ಯಾರೂ ಇಲ್ಲದ ಮನೆಯಲ್ಲಿ ಹೊರಟುಬಿಡುತ್ತದೆ.

ಒ36 ಅಥವಾ ಎಚ್‌ಒ ವೃತ್ತವನ್ನು 12ರಿಂದ 15 ಸೆಕೆಂಡಿಗೆ ಸುತ್ತುವ ವೇಗ ಕಣ್ಣಿಗೂ ಹಿತ, ತಿರುವಿಗೂ ಹಿತ. ದಿನಕ್ಕೊಮ್ಮೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಟ್ಟೆಯಿಂದ ಹಳಿಯ ತಲೆ ಒರೆಸಿ, ಎಲೆಯ ಅಂಟು ಅದರಲ್ಲಿ ಕರಗುತ್ತದೆ. ಉಕ್ಕಿನ ಉಣ್ಣೆಯಿಂದ ಉಜ್ಜಲೇಬೇಡಿ, ಅದರ ಚೂರುಗಳನ್ನು ಮೋಟಾರಿನ ಅಯಸ್ಕಾಂತ ಎಳೆದುಕೊಳ್ಳುತ್ತದೆ. ಎಣ್ಣೆ ಅಚ್ಚಿಗೆ ಒಂದೇ ಹನಿ, ಹೆಚ್ಚಾದರೆ ಗಾಲಿಯ ರಬ್ಬರ್ ಪಟ್ಟಿಗೆ ತಾಗಿ ಎಂಜಿನ್ ಜಾರುತ್ತದೆ.

ಹಬ್ಬ ಮುಗಿದ ಮೇಲೆ ಮರಕ್ಕಿಂತ ಮೊದಲು ರೈಲು ಎತ್ತಿ. ಒಣಗಿದ ಮರವನ್ನು ಕದಲಿಸಿದಾಗ ಉದುರುವಷ್ಟು ಎಲೆ ತಿಂಗಳಿಡೀ ಉದುರಿರುವುದಿಲ್ಲ. ಎಂಜಿನ್ನನ್ನು ಮೆತ್ತನೆ ಬಟ್ಟೆಯ ಮೇಲೆ ಅಂಗಾತ ಮಲಗಿಸಿ, ಅಚ್ಚುಗಳಿಗೆ ಸುತ್ತಿಕೊಂಡ ನೂಲು, ಕೂದಲನ್ನು ಚಿಮಟದಿಂದ ಬಿಡಿಸಿ, ರಿಮೋಟಿನ ಸೆಲ್ ತೆಗೆದು ಪೆಟ್ಟಿಗೆಗೆ ಹಾಕಿ.