ಕಾರ್ಟರ್ ಮೊದಲಾ, ವಿಲ್ಕಿನ್ಸನ್ ಮೊದಲಾ?

ರಗ್ಬಿ ಹೊಸದಾಗಿ ನೋಡೋಕೆ ಶುರು ಮಾಡಿದ್ದೀರಾ? ಹಳೆಯ ಪಂದ್ಯಗಳಲ್ಲಿ ಒಬ್ಬ 10ನೇ ನಂಬರ್ ಆಟಗಾರನನ್ನು (ತಂಡದ ದಾಳಿಯನ್ನು ನಡೆಸುವವನು) ಹಿಂಬಾಲಿಸಬೇಕು ಅಂದರೆ ನನ್ನ ಆಯ್ಕೆ ಜಾನಿ ವಿಲ್ಕಿನ್ಸನ್.

ಅಂಕಗಳಲ್ಲಿ ನ್ಯೂಜಿಲೆಂಡಿನ ಡ್ಯಾನ್ ಕಾರ್ಟರ್ ಮುಂದಿದ್ದಾರೆ, ಅನುಮಾನವೇ ಇಲ್ಲ. 112 ಟೆಸ್ಟ್ (ರಗ್ಬಿಯಲ್ಲಿ ಅಂದರೆ ಅಂತರರಾಷ್ಟ್ರೀಯ ಪಂದ್ಯ), 1598 ಅಂಕ. ಓಟ, ಪಾಸ್, ಕಿಕ್ ಮೂರೂ ಸಲೀಸು. 2005ರಲ್ಲಿ ಲಯನ್ಸ್ (ಬ್ರಿಟನ್-ಐರ್ಲೆಂಡ್ ಜಂಟಿ ತಂಡ) ವಿರುದ್ಧ ವೆಲಿಂಗ್ಟನ್‌ನಲ್ಲಿ ಒಬ್ಬರೇ 33 ಅಂಕ ಗಳಿಸಿದ ಪಂದ್ಯ ನೋಡಿದರೆ ಸಾಕು, ಗೊತ್ತಾಗುತ್ತದೆ.

ಇಂಗ್ಲೆಂಡಿನ ವಿಲ್ಕಿನ್ಸನ್ ಕಥೆ ಬೇರೆ. 2003ರ ವಿಶ್ವಕಪ್ ಫೈನಲ್, ಸಿಡ್ನಿ, ಹೆಚ್ಚುವರಿ ಸಮಯದ ಕೊನೇ ನಿಮಿಷ, ಎಡಗಾಲಿನ ಆಟಗಾರ ಬಲಗಾಲಲ್ಲಿ ಡ್ರಾಪ್ ಗೋಲ್ (ಚೆಂಡನ್ನು ನೆಲಕ್ಕೆ ಬಿಟ್ಟು, ಪುಟಿಯುತ್ತಲೇ ಗೋಲ್ ಕಂಬಗಳ ನಡುವೆ ಒದೆಯುವುದು) ಹೊಡೆದು ಆಸ್ಟ್ರೇಲಿಯಾವನ್ನು 20-17ರಿಂದ ಸೋಲಿಸಿದರು! ಆಮೇಲೆ ಗಾಯದ ಮೇಲೆ ಗಾಯ. ಮತ್ತೆ ಇಂಗ್ಲೆಂಡ್ ಪರ ಆಡಿದ್ದು 2007ರಲ್ಲಿ. ಅಷ್ಟು ವರ್ಷ ಕಾಯೋದು ಸುಮ್ನೆ ಮಾತಲ್ಲ, ಅಲ್ವಾ? ಕೊನೆಗೆ ಫ್ರಾನ್ಸಿನ ಟುಲೋನ್ ಕ್ಲಬ್ಬಿಗೆ 2013 ಮತ್ತು 2014ರಲ್ಲಿ ಯುರೋಪಿಯನ್ ಕಪ್ ಗೆದ್ದುಕೊಟ್ಟು ನಿವೃತ್ತರಾದರು.

ಗಾಯ ಕಾರ್ಟರ್‌ರನ್ನೂ ಬಿಡಲಿಲ್ಲ. 2011ರ ವಿಶ್ವಕಪ್ ಅವರಿಗೆ ಅರ್ಧಕ್ಕೇ ಮುಗಿಯಿತು. 2015ರ ಫೈನಲ್‌ನಲ್ಲಿ 19 ಅಂಕ ಹೊಡೆದು ಪಂದ್ಯಶ್ರೇಷ್ಠರಾದರು.

ಆಟದ ಅಂದ ಜಾಸ್ತಿ ಬೇಕಿದ್ದರೆ ಕಾರ್ಟರ್. ಎದೆ ಬಡಿತ ಹೆಚ್ಚಬೇಕಿದ್ದರೆ ಇವತ್ತೇ ಆ ಸಿಡ್ನಿ ಫೈನಲ್ ಹಾಕಿ.