ಜಿಡಿ, ಸ್ಪಗೆಟಿ ಗೋಪುರ, ಜಿಗ್ಸಾ: ಮೂರನ್ನೂ ಮಾಡಿಸಿ ನೋಡಿದ ಮೇಲೆ

ಎಂಜಿನಿಯರಿಂಗ್ ಕೋರ್ಸುಗಳಿಗೆ ಮಾನ್ಯತೆ ಕೊಡುವ ಎನ್‌ಬಿಎ ಮಂಡಳಿ ಬಹಳ ವರ್ಷ ಬಳಸಿದ, ವಿದ್ಯಾರ್ಥಿಗಳು ಕಲಿತಿರಬೇಕಾದ 12 ಅಂಶಗಳ ಪಟ್ಟಿಯಲ್ಲಿ 9ನೆಯದು ತಂಡದ ಕೆಲಸ, 10ನೆಯದು ಸಂವಹನ. ಫೈಲಿನಲ್ಲಿ ಟಿಕ್ ಹಾಕುವುದು ಸುಲಭ. ಕಲಿಸುವುದು ಹೇಗೆ? ನಮ್ಮ ಮೆಕ್ಯಾನಿಕಲ್ ಹುಡುಗ ಹುಡುಗಿಯರ ಜೊತೆ ಮೂರು ದಾರಿ ಹಿಡಿದು ನೋಡಿದ್ದೇನೆ.

ಎಲ್ಲರಿಗೂ ಗೊತ್ತಿರುವುದು ಜಿಡಿ, ಅಂದರೆ ಗ್ರೂಪ್ ಡಿಸ್ಕಷನ್. ಖರ್ಚಿಲ್ಲ, ಪ್ಲೇಸ್‌ಮೆಂಟಿಗೂ ಬೇಕು. ಆದರೆ ಇಂಗ್ಲಿಷ್ ಸರಾಗವಾಗಿ ಬರುವ ಇಬ್ಬರು ಮಾತಾಡುತ್ತಾರೆ, ಉಳಿದವರು ತಲೆ ಆಡಿಸುತ್ತಾರೆ. ಕನ್ನಡ ಮಾಧ್ಯಮದಿಂದ ಬಂದವರು ಮನಸ್ಸಿನಲ್ಲೇ ವಾಕ್ಯ ಜೋಡಿಸುವಷ್ಟರಲ್ಲಿ ವಿಷಯವೇ ಮುಂದೆ ಹೋಗಿರುತ್ತದೆ. ವಿಷಯ ಎಲೆಕ್ಟ್ರಿಕ್ ಸ್ಕೂಟರ್ ಆಗಿದ್ದರೂ ಅಷ್ಟೆ, ಗ್ಯಾರೇಜಿನಲ್ಲಿ ಬೆಳೆದ ಹುಡುಗ ಸುಮ್ನೆ ಕೂತಿರುತ್ತಾನೆ. ಇದು ಪೈಪೋಟಿಯ ಅಭ್ಯಾಸ, ತಂಡದ್ದಲ್ಲ.

ಸ್ಪಗೆಟಿ ಗೋಪುರದಲ್ಲಿ ಮಜಾ ಜಾಸ್ತಿ. ಒಣ ಸ್ಪಗೆಟಿಯ (ಶ್ಯಾವಿಗೆಯಂಥ ಉದ್ದನೆಯ ಪಾಸ್ತಾ) 20 ಕಡ್ಡಿ, ಒಂದು ಗಜ ಟೇಪು, ಒಂದು ಗಜ ದಾರ, ತುದಿಗೆ ಮಾರ್ಷ್‌ಮ್ಯಾಲೋ ಎಂಬ ಮೆತ್ತನೆಯ ಮಿಠಾಯಿ, 18 ನಿಮಿಷ. ಆದಷ್ಟು ಎತ್ತರದ ಗೋಪುರ ಕಟ್ಟಬೇಕು. ಮಾರ್ಷ್‌ಮ್ಯಾಲೋ ಸಿಗದಿದ್ದರೆ ಬನ್ನಿನ ಸಣ್ಣ ತುಂಡು ಸಾಕು. ಕೊನೇ ನಿಮಿಷದಲ್ಲಿ ಅದನ್ನು ಮೇಲಿಟ್ಟಾಗ ಗೋಪುರ ಕುಸಿಯುತ್ತದೆ. ಮೊದಲೇ ಪರೀಕ್ಷಿಸಬೇಕು ಅನ್ನೋದು ಅಲ್ಲೇ ತಿಳಿಯುತ್ತದೆ. ಆದರೆ ಒಬ್ಬ ಕಟ್ಟುತ್ತಾನೆ, ಮೂವರು ಟೇಪು ಹರಿದು ಕೊಡುತ್ತಾರೆ!

ನನಗೆ ಹಿಡಿಸಿದ್ದು ಜಿಗ್ಸಾ: ಒಬ್ಬೊಬ್ಬರಿಗೂ ಪಾಠದ ಒಂದೊಂದು ತುಂಡು, ಎಲ್ಲ ಜೋಡಿಸಿದರೇ ಪೂರ್ತಿ. 1971ರಲ್ಲಿ ಅಮೆರಿಕದ ಆಸ್ಟಿನ್‌ನಲ್ಲಿ ಕರಿಯ ಬಿಳಿಯ ಮಕ್ಕಳು ಒಂದೇ ತರಗತಿಗೆ ಬಂದು ಜಗಳ ಹೆಚ್ಚಾದಾಗ ಮನಶ್ಶಾಸ್ತ್ರಜ್ಞ ಎಲಿಯಟ್ ಆರನ್ಸನ್ ರೂಪಿಸಿದ್ದು. ನಾನು ಗೇರ್‌ಬಾಕ್ಸ್ ವಿನ್ಯಾಸಕ್ಕೆ ಬಳಸುತ್ತೇನೆ. ಗೇರ್, ಶಾಫ್ಟ್, ಬೇರಿಂಗ್, ಲೂಬ್ರಿಕೇಶನ್: ತಂಡದ ನಾಲ್ವರಿಗೆ ತಲಾ ಒಂದು ಹಾಳೆ. ಮೊದಲು ಎಲ್ಲ ತಂಡಗಳ ಬೇರಿಂಗ್‌ನವರು ಒಟ್ಟಿಗೆ ಕೂತು ಕಲಿಯುತ್ತಾರೆ, ಉಳಿದವರೂ ಹಾಗೆಯೇ. ಆಮೇಲೆ ತಮ್ಮ ತಂಡಕ್ಕೆ ಮರಳಿ ವಿವರಿಸುತ್ತಾರೆ. ಗೇರಿನ ಬಲ ಸಿಗದೆ ಶಾಫ್ಟ್ ಲೆಕ್ಕ ಆಗಲ್ಲ, ಶಾಫ್ಟಿನ ಲೆಕ್ಕವಿಲ್ಲದೆ ಬೇರಿಂಗ್ ಆರಿಸಲಾಗದು. ಹಾಗಾಗಿ ಕೇಳಲೇಬೇಕು. "ರೇಡಿಯಲ್ ಲೋಡ್ ಸೇರಿಸಿದ್ದೀಯೇನೋ? ಇನ್ನೊಂದ್ಸಲ ಹೇಳು" ಅಂತ ವರ್ಷವಿಡೀ ಬಾಯಿ ಬಿಡದ ಹುಡುಗಿ ಗದರಿದ್ದನ್ನು ಕೇಳಿದ್ದೇನೆ. ಚರ್ಚೆ ಕನ್ನಡದಲ್ಲಿ, ವರದಿ ಇಂಗ್ಲಿಷಿನಲ್ಲಿ. ಯಾರಿಗೂ ತೊಂದರೆ ಇಲ್ಲ.

ತಾಪತ್ರಯಗಳಿವೆ. ಎರಡು ಗಂಟೆಯ ಲ್ಯಾಬ್ ಪೂರ್ತಿ ಬೇಕು. ಒಬ್ಬ ಗೈರಾದರೆ ತಂಡವೇ ನಿಲ್ಲುತ್ತದೆ, ಅದಕ್ಕೇ ಒಂದು ಹಾಳೆಗೆ ಇಬ್ಬರನ್ನು ಇಡುವುದು ಒಳ್ಳೆಯದು. ಕೊನೆಯ ಟೆಸ್ಟಿಗೆ ಅಂಕ ಒಬ್ಬೊಬ್ಬರಿಗೂ ಬೇರೆ ಬೇರೆ ಕೊಡಿ, ಇಲ್ಲದಿದ್ದರೆ ಸೋಮಾರಿಗಳು ಹಾಯಾಗಿರುತ್ತಾರೆ. ಹಾಳೆಯ ಫೋಟೊ ವಾಟ್ಸಾಪ್ ಗ್ರೂಪಿಗೆ ಹೋದರೆ ಯಾರೂ ಯಾರನ್ನೂ ಕೇಳಲ್ಲ, ಅಲ್ವಾ? ಮೊಬೈಲು ಮೊದಲೇ ಮೇಜಿನ ಮೇಲೆ ಇಡಿಸಿ.

ಸ್ಪಗೆಟಿಯನ್ನು ಮೊದಲ ವಾರದ ಪರಿಚಯಕ್ಕೆ ಇಟ್ಟುಕೊಂಡಿದ್ದೇನೆ. ಜಿಡಿ ಏಳನೇ ಸೆಮಿಸ್ಟರಿಗೆ ಸಾಕು.