ತಕಯಾಮ: ಬೆಟ್ಟ ನೋಡೋಕಲ್ಲ, ಮರದ ಕೆಲಸ ನೋಡೋಕೆ ಹೋಗಿ

ಬೆಟ್ಟ, ಕಾಡು, ಹೊಳೆ ನೋಡಬೇಕು ಅಂತ ನಮ್ಮ ಸಾಗರ, ತೀರ್ಥಹಳ್ಳಿ ಕಡೆಯವರು ಜಪಾನಿನ ತಕಯಾಮದವರೆಗೆ ಹೋಗಬೇಕಾಗಿಲ್ಲ. ಅದೆಲ್ಲ ಹಿತ್ತಿಲಲ್ಲೇ ಇದೆ. ಹಳೇ ಮರದ ಮನೆಗಳನ್ನು ಕೆಡವದೆ ಹೇಗೆ ಇಟ್ಟುಕೊಂಡಿದ್ದಾರೆ ಅಂತ ನೋಡುವ ಆಸೆ ಇದ್ದರೆ ಮಾತ್ರ ಹೋಗಿ, ಕೊಟ್ಟ ದುಡ್ಡಿಗೆ ಮೋಸ ಇಲ್ಲ. ನಮ್ಮ ಕಡೆ ಒಂದೊಂದೇ ಚೌಕಿ ಮನೆ ಕೆಡವಿ ಆರ್‌ಸಿಸಿ ಹಾಕುವುದನ್ನು ನೋಡಿ ನೋಡಿ ಬೇಜಾರಾದವಳು ನಾನು. ಅದಕ್ಕೇ ಈ ಊರು ಇಷ್ಟು ಹಿಡಿಸಿತೋ ಏನೋ.

ಮಗಳು ನಗೋಯಾದಲ್ಲಿ ಕೆಲಸದಲ್ಲಿದ್ದಾಳೆ. ಆಗಸ್ಟ್‌ನಲ್ಲಿ ಅವಳ ಜೊತೆ ಹೋಗಿದ್ದೆ. ನಮ್ಮನೆಯವರು ಬರಲಿಲ್ಲ. ಅಡಿಕೆಗೆ ಕೊಳೆ ಔಷಧಿ ಹೊಡೆಸುವ ಕಾಲ, ತೋಟ ಬಿಟ್ಟು ಯಾರು ಬರುತ್ತಾರೆ? ನಗೋಯಾದಿಂದ ಹಿದಾ ಅನ್ನುವ ಎಕ್ಸ್‌ಪ್ರೆಸ್ ರೈಲಿನಲ್ಲಿ ಸುಮಾರು ಎರಡೂವರೆ ಗಂಟೆ. ಹತ್ತಿದ ಕೂಡಲೇ ಸೀಟೆಲ್ಲ ಹಿಂದುಮುಂದಾಗಿದೆ ಅಂತ ಗಾಬರಿಯಾಗಬೇಡಿ. ಗಿಫು ಸ್ಟೇಷನ್ನಿನಲ್ಲಿ ರೈಲು ದಿಕ್ಕು ಬದಲಿಸುತ್ತದೆ, ಆಮೇಲೆ ಸರಿಯಾಗುತ್ತದೆ. ಇನ್ನೊಂದು ಮಾತು. ಬೆಟ್ಟದ ಊರು ಅಂತ ಆಗಸ್ಟ್‌ನಲ್ಲಿ ಸ್ವೆಟರ್ ತುಂಬಿಕೊಂಡು ಹೋಗಬೇಡಿ. ತಕಯಾಮ ಸುಮಾರು 570 ಮೀಟರ್ ಎತ್ತರದಲ್ಲಿದೆ, ಅಂದರೆ ಹೆಚ್ಚುಕಡಿಮೆ ಶಿವಮೊಗ್ಗದಷ್ಟೇ. ಮಧ್ಯಾಹ್ನ ಬೆವರು ಕಿತ್ತುಕೊಂಡು ಬರುತ್ತದೆ.

ಎಲ್ಲರೂ ಮೊದಲು ಓಡುವುದು ಸನ್ಮಾಚಿ ಅನ್ನುವ ಹಳೇ ಪೇಟೆ ಬೀದಿಗೆ. ಕಪ್ಪು ಮರದ ಸಾಲು ಮನೆಗಳು, ತಗ್ಗಿದ ಸೂರು, ಬೀದಿ ಪಕ್ಕದಲ್ಲಿ ನೀರು ಹರಿಯುವ ಸಣ್ಣ ಕಾಲುವೆ. ಚೆಂದವೇ. ಆದರೆ ಹೊತ್ತೇರಿದ ಮೇಲೆ ಅದು ಬರೀ ಅಂಗಡಿ ಬೀದಿ. ಗೊಂಬೆ, ಸಾಕೆ ಅನ್ನುವ ಅಕ್ಕಿ ಮದ್ಯ, ಐಸ್‌ಕ್ರೀಮ್, ಫೋಟೋ ತೆಗೆಯುವವರ ನೂಕುನುಗ್ಗಲು. ಬೆಳಗ್ಗೆ ಏಳರ ಹೊತ್ತಿಗೆ ಹೋಗಿ. ಆಗ ಮಿಯಾಗಾವಾ ಹೊಳೆ ದಂಡೆಯಲ್ಲಿ ಬೆಳಗಿನ ಸಂತೆಯೂ ಶುರುವಾಗಿರುತ್ತದೆ. ಅಜ್ಜಿಯರು ತಾವೇ ಬೆಳೆದ ಟೊಮ್ಯಾಟೊ, ಕೆಂಪು ಗೆಡ್ಡೆಯ ಉಪ್ಪಿನಕಾಯಿ ಇಟ್ಟುಕೊಂಡು ಕೂತಿರುತ್ತಾರೆ.

ನನಗೆ ನಿಜವಾಗಿ ಖುಷಿಯಾಗಿದ್ದು ಜಿನ್ಯಾ ಅನ್ನುವ ಹಳೇ ಸರಕಾರಿ ಕಚೇರಿಯಲ್ಲಿ. 1692ರಲ್ಲಿ ಈ ಸೀಮೆಯನ್ನು ಆಗ ಜಪಾನನ್ನು ಆಳುತ್ತಿದ್ದ ಶೋಗನ್ ಅನ್ನುವ ಸೇನಾಧಿಪತಿಯ ಸರಕಾರ ನೇರವಾಗಿ ತನ್ನ ಕೈಗೆ ತೆಗೆದುಕೊಂಡಿತು. ಇಲ್ಲಿನ ಕಾಡಿನ ಮರದ ಮೇಲೆ ಕಣ್ಣು, ಇನ್ನೇನು! ಆಮೇಲೆ ಆಡಳಿತ ನಡೆದಿದ್ದು ಈ ಕಚೇರಿಯಿಂದ. ಗೋಡೆಗೆ ಹೊಡೆದ ಮೊಳೆಯ ತಲೆ ಕಾಣಬಾರದು ಅಂತ ಅದರ ಮೇಲೊಂದು ಪುಟ್ಟ ಲೋಹದ ಮೊಲದ ಮುಖ ಕೂರಿಸಿದ್ದಾರೆ. ಎರಡು ಉದ್ದ ಕಿವಿ ಮೇಲಕ್ಕೆ, ಮುಖ ನೇರ ನಮ್ಮ ಕಡೆಗೆ. ಸುಮ್ನೆ ಒಂದು ಮೊಳೆ ಮುಚ್ಚೋಕೆ ಇಷ್ಟು ಮನಸ್ಸಿಟ್ಟು ಕೆಲಸ ಮಾಡಿದ್ದಾರಲ್ಲ ಅನ್ನಿಸಿತು. 8ನೇ ಶತಮಾನದಲ್ಲೇ ಈ ಕಡೆಯವರು ಕೆಲವು ತೆರಿಗೆಗಳ ಬದಲು ಬಡಗಿಗಳನ್ನು ರಾಜಧಾನಿಗೆ ಕಳಿಸುತ್ತಿದ್ದರಂತೆ. ಮೊಲ ನೋಡಿದ ಮೇಲೆ ಅದನ್ನು ನಂಬೋದು ಕಷ್ಟವಾಗಲಿಲ್ಲ.

ಕುಸಾಕಾಬೆ ಅನ್ನುವ ವ್ಯಾಪಾರಿಗಳ ಮನೆಯನ್ನೂ ತಪ್ಪಿಸಬೇಡಿ. ಬೆಂಕಿಯಲ್ಲಿ ಸುಟ್ಟುಹೋಗಿದ್ದನ್ನು 1879ರಲ್ಲಿ ಮತ್ತೆ ಕಟ್ಟಿದ್ದು. ಮಣ್ಣಿನ ನೆಲದ ಮೇಲೆ ನಿಂತು ಕತ್ತೆತ್ತಿದರೆ ತೊಲೆ ಮೇಲೆ ತೊಲೆ, ಮಾಡಿನವರೆಗೆ. ನಮ್ಮ ಆಚಾರಿಗೆ ತೋರಿಸೋಣ ಅಂತ ಬರೀ ಜೋಡಣೆಗಳ ಫೋಟೋ ತೆಗೆದೆ. ಮಗಳಿಗೆ ಕೋಪ, ಅವಳದ್ದೊಂದೂ ತೆಗೆದಿಲ್ಲ ಅಂತ.

ಬಸ್ಸಿನಲ್ಲಿ 50 ನಿಮಿಷ ಹೋದರೆ ಶಿರಕಾವಾಗೊ. 1995ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಹಳ್ಳಿ. ಹಿಮ ಜಾರಿ ಬೀಳಲಿ ಅಂತ ಕಡಿದಾಗಿ ಕಟ್ಟಿದ ಹುಲ್ಲಿನ ಮಾಡು, ಮೊಳೆಯಿಲ್ಲದೆ ಹಗ್ಗದಲ್ಲಿ ಬಿಗಿದ ಮರ. ಅಟ್ಟದಲ್ಲಿ ರೇಷ್ಮೆ ಹುಳ ಸಾಕುತ್ತಿದ್ದರು. ಒಲೆಯ ಹೊಗೆ ಮೇಲೇರಿ ಹುಲ್ಲಿಗೆ ಹುಳ ಹಿಡಿಯದ ಹಾಗೆ ಕಾಯುತ್ತಿತ್ತು. ಹುಲ್ಲು ಹೊದಿಸುವ ದಿನ ಊರಿಗೆ ಊರೇ ಸೇರುತ್ತದೆ, ನಮ್ಮಲ್ಲಿ ಮುಯ್ಯಾಳು ಸೇರಿಸಿ ಸೋಗೆ ಹೊದಿಸುತ್ತಿದ್ದರಲ್ಲ, ಹಾಗೆ. ಜನ ಮಾತ್ರ ವಿಪರೀತ. ಅರ್ಧ ದಿನ ಸಾಕು.

ಈಗ ಊಟದ ವಿಷಯ. ಸಸ್ಯಾಹಾರಿಗಳಿಗೆ ಇದು ಸ್ವಲ್ಪ ಪರದಾಟವೇ. ನಾವು ಇಳಿದುಕೊಂಡಿದ್ದ ಸಾಂಪ್ರದಾಯಿಕ ವಸತಿಗೃಹಕ್ಕೆ ಮೀನು, ಮಾಂಸ ಬೇಡ ಅಂತ ಮೊದಲೇ ಬರೆದಿದ್ದೆವು. ಆದರೂ ಸುಟ್ಟ ಬದನೆಕಾಯಿ ಮೇಲೆ ತೆಳು ಹೆರೆಹೆರೆ ಏನೋ ಉದುರಿಸಿ ತಂದಿಟ್ಟರು. ಬಿಸಿಗೆ ಅದು ಜೀವ ಇದ್ದ ಹಾಗೆ ಅಲ್ಲಾಡುತ್ತಿತ್ತು. ಒಣಮೀನು! ಹೇಳಿದ ಮೇಲೆ ಬಗ್ಗಿ ಬಗ್ಗಿ ಕ್ಷಮೆ ಕೇಳಿದರು, ತೋಫು, ಅನ್ನ ಕೊಟ್ಟರು. ಅಲ್ಲಿ ದಾಶಿ ಅನ್ನುವ ಸಾರಿನ ನೀರಿಗೂ ಸಾಮಾನ್ಯವಾಗಿ ಮೀನೇ ಬುನಾದಿ. ಆದ್ದರಿಂದ ಬರೀ ಮೀನು ಬೇಡ ಅಂದರೆ ಸಾಲದು, ದಾಶಿಯೂ ಬೇಡ ಅಂತ ಜಪಾನಿಯಲ್ಲೇ ಬರೆಸಿಕೊಂಡು ಹೋಗಿ. ಮನೆಯಿಂದ ಒಯ್ದ ಚಟ್ನಿಪುಡಿ ಮರ್ಯಾದೆ ಉಳಿಸಿತು. ಹೊರಗೆ ನನಗೆ ಸೇರಿದ್ದು ಅಕ್ಕಿ ಉಂಡೆ ಕಡ್ಡಿಗೆ ಚುಚ್ಚಿ, ಸೋಯಾ ಸಾಸ್ ಸವರಿ ಕೆಂಡದ ಮೇಲೆ ಸುಡುವ ದಾಂಗೊ. ಸಿಹಿ ಇಲ್ಲ, ಉಪ್ಪುಪ್ಪು.

ವಸತಿಗೃಹಕ್ಕೆ ಐದಕ್ಕೆ ಮೂರು ಕೊಡುತ್ತೇನೆ, ಊರಿಗೆ ನಾಲ್ಕೂವರೆ. ಕೋಣೆ ಕ್ಲೀನು, ಬಿಸಿನೀರಿನ ತೊಟ್ಟಿ ಸ್ವರ್ಗ. ಆದರೆ ಊಟ, ನಿದ್ದೆ ಎಲ್ಲ ನೆಲದ ಮೇಲೇ. ಮಂಡಿನೋವಿನವರು ಮಂಚ ಇರುವ ಕೋಣೆ ಇದೆಯಾ ಅಂತ ಬುಕ್ ಮಾಡುವಾಗಲೇ ಕೇಳಿಬಿಡಿ. ಏಪ್ರಿಲ್ 14, 15 ಮತ್ತು ಅಕ್ಟೋಬರ್ 9, 10ಕ್ಕೆ ಇಲ್ಲಿ ತೇರಿನ ಹಬ್ಬ. ಆಗ ಹೋಗುವುದಾದರೆ ತಿಂಗಳುಗಟ್ಟಲೆ ಮುಂಚೆ ಕೋಣೆ ಹಿಡಿಯಬೇಕು.